ಪೋರ್ಟ್ಸ್‌ಮತ್‌ನ ಗೋಡೆ ನೋಡಿಕೊಂಡು ಬನ್ನಿ

ನಮಸ್ಕಾರ. ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದ ಫೋಟೋ, ಲೆಕ್ಕಪತ್ರ ಎಲ್ಲ ಒಳಪುಟಗಳಲ್ಲಿವೆ. ಇಲ್ಲಿ ಬೇರೆ ವಿಷಯ.

ಬೇಸಿಗೆ ಬಂತೆಂದರೆ ನಾವೆಲ್ಲ ನಯಾಗರಾ, ಸ್ಮೋಕಿ ಮೌಂಟನ್ಸ್ ಅಂತ ಓಡುತ್ತೇವೆ. ನಮ್ಮ ಒಹಾಯೋದ ಕೊಲಂಬಸ್‌ನಿಂದ ಯುಎಸ್ 23 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸುಮಾರು 90 ಮೈಲಿ ಹೋದರೆ ಪೋರ್ಟ್ಸ್‌ಮತ್ ಸಿಗುತ್ತದೆ. ಹೆಚ್ಚಿನವರು ಅಲ್ಲಿ ಗ್ಯಾಸ್ ತುಂಬಿಸಿಕೊಂಡು, ಸೇತುವೆ ದಾಟಿ ಕೆಂಟಕಿಗೆ ಹೋಗಿಬಿಡುತ್ತಾರೆ. ಈ ಸಲ ಹಾಗೆ ಮಾಡಬೇಡಿ. ಡೌನ್‌ಟೌನಿನ ಫ್ರಂಟ್ ಸ್ಟ್ರೀಟ್‌ನಲ್ಲಿ ಕಾರು ನಿಲ್ಲಿಸಿ ಇಳಿಯಿರಿ.

ಪಕ್ಕದಲ್ಲೇ ಒಹಾಯೋ ನದಿ, ಆದರೆ ಕಾಣಿಸುವುದಿಲ್ಲ. ಅಡ್ಡಕ್ಕೆ ಸುಮಾರು 20 ಅಡಿ ಎತ್ತರದ ಕಾಂಕ್ರೀಟ್ ಗೋಡೆ. 1937ರ ಜನವರಿಯಲ್ಲಿ ಪ್ರವಾಹ ಬಂದಾಗ ಊರಿಗೆ ಒಂದು ತಡೆಗೋಡೆ ಇತ್ತು, ನದಿಯ ಮಟ್ಟ 62 ಅಡಿಗೆ ಏರುವವರೆಗೆ ನೀರು ತಡೆಯುವಂಥದ್ದು. ಅದು ಸಾಲದು ಅಂತ ಗೊತ್ತಾದಾಗ, ನೀರು ಒಮ್ಮೆಲೇ ನುಗ್ಗಿ ಊರು ಕೊಚ್ಚಿಹೋಗುವುದಕ್ಕಿಂತ ಮೆಲ್ಲಗೆ ತುಂಬಲಿ ಅಂತ ಊರವರೇ ಚರಂಡಿಗಳನ್ನು ತೆರೆದು ನದಿಯನ್ನು ಒಳಗೆ ಬಿಟ್ಟುಕೊಂಡರು. ನದಿಯ ಮಟ್ಟ 74 ಅಡಿಗೆ ಏರಿತು. ಈಗಿನ ಗೋಡೆ ಆಮೇಲೆ ಸೇನೆಯ ಎಂಜಿನಿಯರುಗಳು ಕಟ್ಟಿದ್ದು.

ಆ ಬೋಳು ಸಿಮೆಂಟು ನೋಡಿ ನೋಡಿ ಸಾಕಾಗಿರಬೇಕು. ಊರಿನ ಒಂದಿಷ್ಟು ಜನ ಸೇರಿ, ಚಂದಾ ಎತ್ತಿ, ಲೂಸಿಯಾನಾದಿಂದ ರಾಬರ್ಟ್ ಡ್ಯಾಫರ್ಡ್ ಎಂಬ ಚಿತ್ರಕಾರರನ್ನು ಕರೆಸಿದರು. 1993ರಲ್ಲಿ ಶುರುವಾದ ಕೆಲಸ ವರ್ಷಗಟ್ಟಲೆ ನಡೆದು, ಈಗ ಸುಮಾರು 2,000 ಅಡಿ ಉದ್ದಕ್ಕೆ ಚಿತ್ರಗಳೇ. ಎರಡು ಸಾವಿರ ವರ್ಷ ಹಿಂದೆ ಮೂಲನಿವಾಸಿಗಳು ಕಟ್ಟಿದ ಮಣ್ಣಿನ ದಿಬ್ಬಗಳು, ಶೂ ಕಾರ್ಖಾನೆ, ಉಕ್ಕು, ಇಲ್ಲಿಯ ಹಳ್ಳಿಯಲ್ಲಿ ಬೆಳೆದ ಕೌಬಾಯ್ ನಟ ರಾಯ್ ರೋಜರ್ಸ್. ಮಕ್ಕಳಿಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚಿದ್ದರೆ ಇಲ್ಲಿಯ ಸ್ಪಾರ್ಟನ್ಸ್ ತಂಡವನ್ನು ತೋರಿಸಿ. 1934ರಲ್ಲಿ ಅದೇ ತಂಡ ಡೆಟ್ರಾಯಿಟ್‌ಗೆ ಹೋಗಿ ಲಯನ್ಸ್ ಆಯಿತು. ಈ ಪುಟ್ಟ ಊರಿನದ್ದು ಅಂದರೆ ಯಾರೂ ನಂಬಲ್ಲ!

ನನಗೆ ಒಂದು ತಕರಾರಿದೆ. ಚಿತ್ರಗಳಲ್ಲಿ ಎಲ್ಲ ಜಾಸ್ತಿ ಚೆಂದ. ಬೀದಿ ತುಂಬ ಜನ, ಅಂಗಡಿ ತುಂಬ ದೀಪ. 1930ರಲ್ಲಿ ಇಲ್ಲಿ 42 ಸಾವಿರಕ್ಕೂ ಹೆಚ್ಚು ಜನ ಇದ್ದರು, 2020ರ ಗಣತಿಯಲ್ಲಿ ಉಳಿದದ್ದು ಸುಮಾರು 18 ಸಾವಿರ. ಶೂ ಹೋಯಿತು, ಉಕ್ಕು ಹೋಯಿತು. ಹಾಗಿರುವಾಗ ಹಳೆಯ ವೈಭವವನ್ನು ದೊಡ್ಡದಾಗಿ ಬರೆಸಿಕೊಂಡರೆ ತಪ್ಪೇನು ಅಂತಲೂ ಅನ್ನಿಸುತ್ತದೆ.

ಆದರೂ ಪೂರ್ತಿ ಕಥೆ ತಿಳಿದು ನೋಡಿ. ಗೋಡೆಯಲ್ಲಿ ಬ್ರಾಂಚ್ ರಿಕಿ ಇದ್ದಾರೆ, ಈ ಸೀಮೆಯವರೇ. ಬ್ರೂಕ್ಲಿನ್ ಬೇಸ್‌ಬಾಲ್ ತಂಡದ ಮುಖ್ಯಸ್ಥರಾಗಿದ್ದಾಗ, 1947ರಲ್ಲಿ ಕಪ್ಪು ಆಟಗಾರ ಜ್ಯಾಕಿ ರಾಬಿನ್ಸನ್ ಅವರನ್ನು ಆಡಿಸಿ ಬೇಸ್‌ಬಾಲಿನ ವರ್ಣಭೇದ ಮುರಿದವರು. ಇದೇ ಪೋರ್ಟ್ಸ್‌ಮತ್‌ನಿಂದ 1830ರ ಆಸುಪಾಸಿನಲ್ಲಿ, ಚಳಿಗಾಲದ ನಡುವೆ, ಸುಮಾರು 80 ಕಪ್ಪು ಜನರನ್ನು ಓಡಿಸಿದ್ದರು. ಒಹಾಯೋದಲ್ಲಿ ನೆಲೆಸಬೇಕಾದರೆ ಕಪ್ಪು ಜನರು 500 ಡಾಲರಿನ ಜಾಮೀನು ಕೊಡಬೇಕು ಅಂತ 1807ರ ಕಾನೂನೇ ಇತ್ತು. ಅದನ್ನೇ ನೆಪ ಮಾಡಿಕೊಂಡರು. ವೀಸಾ ಕಾಗದಪತ್ರ ಸರಿಯಿದೆಯಾ ಅಂತ ಫೈಲು ಹಿಡಿದು ಕೂತ ನಮಗೆ ಇದನ್ನು ಓದಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ ಅಲ್ವಾ, ನಮ್ಮ ಕಷ್ಟ ಅದರ ಮುಂದೆ ಏನೂ ಅಲ್ಲದಿದ್ದರೂ.

ಇನ್ನೊಂದು, ದಾರಿಯುದ್ದಕ್ಕೂ ಕಂದು ಬಣ್ಣದ ಇತಿಹಾಸ ಫಲಕಗಳು ಕಾಣುತ್ತವಲ್ಲ, ಅವನ್ನೂ ನಿಂತು ಓದಿ. 1957ರಿಂದ ನೆಡುತ್ತಿದ್ದಾರೆ, ರಾಜ್ಯದಲ್ಲಿ 1,700ಕ್ಕೂ ಹೆಚ್ಚಿವೆ. ಸರ್ಕಾರ ಸುಮ್ನೆ ತಂದು ನಿಲ್ಲಿಸಿದ್ದಲ್ಲ, ಆಯಾ ಊರಿನವರೇ ದಾಖಲೆ ಒದಗಿಸಿ, ಅರ್ಜಿ ಹಾಕಿ, ದುಡ್ಡು ಹೊಂದಿಸಿ ಮಾಡಿಸಿದ್ದು.

ಪಿಕ್ನಿಕ್ ಜಾಗ ಇನ್ನೂ ನಿಗದಿಯಾಗಿಲ್ಲ, ನನ್ನ ಓಟು ಪೋರ್ಟ್ಸ್‌ಮತ್‌ಗೆ. ಕಮಿಟಿ ಒಪ್ಪಲಿ ಬಿಡಲಿ, ಹೋಗಿಬಂದ ಮಕ್ಕಳು ಒಂದೊಂದು ಚಿತ್ರ ಆರಿಸಿಕೊಂಡು ಅದರ ಬಗ್ಗೆ ಐದು ಸಾಲು ಕನ್ನಡದಲ್ಲಿ ಬರೆದು ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಕಾಗುಣಿತ ತಿದ್ದದೆ.