ಆಲ್ಫಾ ಯಾವುದರ ನೆನಪು? ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಸಂಶೋಧನಾ ಪ್ರಸ್ತಾವ ಓದಿ ಮುಗಿಸಿದೆ. ಎಚ್‌ಐವಿ ಚಿಕಿತ್ಸೆಯಲ್ಲಿರುವವರ ವೈರಲ್ ಲೋಡನ್ನು (ರಕ್ತದಲ್ಲಿರುವ ವೈರಸ್‌ನ ಪ್ರಮಾಣವನ್ನು) ಒಂದು ಸಿಗ್ನಲ್ ಅಂತ ನೋಡುವುದು, ಅದಕ್ಕೆ ಫ್ರಾಕ್ಷನಲ್ ಕ್ಯಾಲ್ಕುಲಸ್ (ಡಿರೈವೇಟಿವ್, ಅಂದರೆ ಬದಲಾವಣೆಯ ದರದ ಆರ್ಡರ್ 1, 2 ಅಂತಲ್ಲದೆ ಭಿನ್ನರಾಶಿಯೂ ಆಗಬಹುದಾದ ಗಣಿತ) ಹಚ್ಚುವುದು, ನನಗೆ ತುಂಬಾ ಹಿಡಿಸಿತು. ಇಷ್ಟು ವರ್ಷ ನಾನು ಔಷಧದ ಕಡೆಯಿಂದ ನೋಡಿದ್ದನ್ನು ನೀನು ಗಣಿತದ ಕಡೆಯಿಂದ ನೋಡಲು ಹೊರಟಿದ್ದೀಯ ಅಂದರೆ ಅಮ್ಮನಿಗೆ ಆಗುವ ಖುಷಿಯೇ ಬೇರೆ. ಆದರೆ ಒಂದು ಮಾತು ಹೇಳಲೇಬೇಕು. ಫೋನಿನಲ್ಲಿ ಶುರು ಮಾಡಿದರೆ ಅರ್ಧಕ್ಕೇ ನಿಂತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಸಮೀಕರಣದಲ್ಲಿ ಆ ಆರ್ಡರ್, ಅಂದರೆ ಆಲ್ಫಾ, 0.9 ಅಂತಲೋ 0.85 ಅಂತಲೋ ಬಂತು ಅಂತಿಟ್ಟುಕೋ. ಭಿನ್ನರಾಶಿ ಬಂದರೆ ಸಮೀಕರಣ ಹಿಂದಿನದನ್ನೆಲ್ಲ ನೆನಪಿಟ್ಟುಕೊಂಡಂತೆ. ಆ ಸಂಖ್ಯೆ ದೇಹದೊಳಗಿನ ಯಾವುದರ ನೆನಪು ಅಂತ ನೀನು ಬೆರಳಿಟ್ಟು ತೋರಿಸಬೇಕು. ತೋರಿಸಲು ಆಗದಿದ್ದರೆ ಅದು ಗೆರೆಯನ್ನು ಬಿಂದುಗಳ ಮೇಲೆ ಕೂರಿಸಲು ಸಿಕ್ಕ ಇನ್ನೊಂದು ಸಂಖ್ಯೆ, ಅಷ್ಟೇ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಕ್ಷೇತ್ರದಲ್ಲಿ ಗಣಿತ ನಿಜವಾಗಿ ಜೀವ ಉಳಿಸಿದೆ. 1981ರ ಜೂನ್‌ನಲ್ಲಿ ಲಾಸ್ ಏಂಜಲಿಸ್‌ನ ಐದು ಯುವಕರಲ್ಲಿ ನ್ಯುಮೊಸಿಸ್ಟಿಸ್ ಅನ್ನುವ ಅಪರೂಪದ ನ್ಯುಮೋನಿಯಾ ಕಂಡಿತು ಅನ್ನುವ ವರದಿ ಬಂತು, ಏಡ್ಸ್‌ನ ಮೊದಲ ವರದಿ ಅದೇ. 1983ರಲ್ಲಿ ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯಲ್ಲಿ ವೈರಸ್ ಸಿಕ್ಕಿತು. 1987ರಲ್ಲಿ ಎಚ್‌ಐವಿಯ ಮೊದಲ ಔಷಧ ಎಝಡ್‌ಟಿ ಮಾತ್ರೆಗೆ ಒಪ್ಪಿಗೆ ಸಿಕ್ಕಿತು, ಆದರೆ ಅದೊಂದನ್ನೇ ಕೊಟ್ಟರೆ ಸ್ವಲ್ಪ ದಿನ ಗುಣ ಕಂಡು ಆಮೇಲೆ ಕೈಕೊಡುತ್ತಿತ್ತು. ಯಾಕೆ ಅಂತ ಸರಿಯಾಗಿ ತಿಳಿದಿರಲಿಲ್ಲ. ಸೋಂಕು ತಗುಲಿದ ಮೇಲೂ ವರ್ಷಗಟ್ಟಲೆ ಜನ ಚೆನ್ನಾಗಿಯೇ ಇರುತ್ತಿದ್ದರಲ್ಲ, ಹಾಗಾಗಿ ವೈರಸ್ ಸುಮ್ನೆ ಮಲಗಿದೆ ಅಂತ ತುಂಬಾ ಜನ ಅಂದುಕೊಂಡಿದ್ದರು.

1995ರಲ್ಲಿ ಅಮೆರಿಕದ ಸಂಶೋಧಕರಾದ ಡೇವಿಡ್ ಹೋ ಅವರ ತಂಡ, ಜಾರ್ಜ್ ಶಾ ಅವರ ತಂಡ, ಇಬ್ಬರೂ ಹೊಸ ಔಷಧ ಕೊಟ್ಟು ವೈರಲ್ ಲೋಡ್ ಎಷ್ಟು ಬೇಗ ಇಳಿಯುತ್ತದೆ ಅಂತ ಅಳೆದರು. ಮುಂದಿನ ವರ್ಷ ಗಣಿತದ ಮಾಡೆಲ್ ಮಾಡುವ ಅಲನ್ ಪೆರೆಲ್ಸನ್ ಅವರು ಹೋ ಜೊತೆ ಸೇರಿ ಇನ್ನೂ ಹತ್ತಿರದಿಂದ ನೋಡಿದರು. ಐದೇ ಜನ ರೋಗಿಗಳು. ರಿಟೊನಾವಿರ್ ಅನ್ನುವ ಎಚ್‌ಐವಿ ಔಷಧ ಕೊಟ್ಟ ಮೇಲೆ ಮೊದಲ ಆರು ಗಂಟೆ ಎರಡೆರಡು ಗಂಟೆಗೆ ರಕ್ತ, ಎರಡನೇ ದಿನದವರೆಗೆ ಆರಾರು ಗಂಟೆಗೆ, ಆಮೇಲೆ ಏಳನೇ ದಿನದವರೆಗೆ ದಿನಕ್ಕೊಮ್ಮೆ. ಅಷ್ಟರಲ್ಲಿ ಸಿಕ್ಕ ಉತ್ತರ ನೋಡು: ರಕ್ತದಲ್ಲಿ ವೈರಸ್‌ನ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯುವ ಸಮಯ) ಸುಮಾರು 6 ಗಂಟೆ, ಸೋಂಕಿತ ಕೋಶ ಬದುಕುವುದು ಸುಮಾರು 2 ದಿನ, ದಿನಕ್ಕೆ ಹುಟ್ಟುವ ವೈರಸ್ ಸುಮಾರು ಸಾವಿರ ಕೋಟಿ. ಮಲಗಿದೆ ಅಂದುಕೊಂಡಿದ್ದು ಹಗಲೂ ರಾತ್ರಿ ಬಡಿದಾಡುತ್ತಿತ್ತು. ಅಷ್ಟು ವೇಗದಲ್ಲಿ, ಅಷ್ಟು ತಪ್ಪು ಮಾಡುತ್ತಾ ತನ್ನ ನಕಲು ಮಾಡುವ ವೈರಸ್‌ಗೆ ಒಂದು ಔಷಧದಿಂದ ತಪ್ಪಿಸಿಕೊಳ್ಳುವ ರೂಪಾಂತರ ದಿನವೂ ಹುಟ್ಟುತ್ತಿರುತ್ತದೆ. ಒಂದೇ ಸಲಕ್ಕೆ ಮೂರು ಔಷಧದಿಂದ ತಪ್ಪಿಸಿಕೊಳ್ಳುವುದು ಮಾತ್ರ ಬಹಳ ಕಷ್ಟ. ಮೂರು ಔಷಧ ಜೊತೆಗೆ ಕೊಡಬೇಕು ಅನ್ನುವುದಕ್ಕೆ ಇಷ್ಟು ಗಟ್ಟಿ ಕಾರಣ ಅಲ್ಲಿ ಸಿಕ್ಕಿತು. 1996ರಿಂದ ಈಚೆಗೆ ಸಾವುಗಳು ಇಳಿದದ್ದನ್ನು ನಾವೆಲ್ಲ ನೋಡಿದ್ದೇವೆ.

ಆ ಸಮೀಕರಣಗಳು ಎಷ್ಟು ಸರಳ ಅಂದರೆ ಒಂದು ಕಾಗದದ ಮೂಲೆಯಲ್ಲಿ ಬರೆಯಬಹುದು. ಶಕ್ತಿ ಇದ್ದದ್ದು ಅಳತೆಯಲ್ಲಿ, ಔಷಧದಿಂದ ವ್ಯವಸ್ಥೆಯನ್ನು ಒಂದು ಸಲ ತಳ್ಳಿ ಅದು ಹೇಗೆ ಬೀಳುತ್ತದೆ ಅಂತ ಗಮನಿಸಿದ್ದರಲ್ಲಿ. ಪ್ರತಿಯೊಂದು ಸಂಖ್ಯೆಗೂ ದೇಹದಲ್ಲಿ ಒಂದು ವಿಳಾಸ ಇತ್ತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. 1997ರಲ್ಲಿ ಅದೇ ಲೆಕ್ಕ ಮುಂದುವರಿದಾಗ, ಮೊದಲು ಸರ್ರನೆ ಇಳಿದು ಆಮೇಲೆ ವಾರಗಟ್ಟಲೆ ನಿಧಾನವಾಗಿ ಇಳಿಯುವ ಎರಡನೇ ಹಂತ ಕಂಡಿತು. ಎರಡು ಮೂರು ವರ್ಷ ಬಿಡದೆ ಚಿಕಿತ್ಸೆ ಕೊಟ್ಟರೆ ವೈರಸ್ ಪೂರ್ತಿ ಹೋಗಬಹುದು ಅನ್ನುವ ಆಸೆ ಹುಟ್ಟಿತು. ಅದೇ ವರ್ಷ ರಾಬರ್ಟ್ ಸಿಲಿಸಿಯಾನೊ ಅವರ ತಂಡ, ಇನ್ನೂ ಕೆಲವು ತಂಡಗಳು, ಚಿಕಿತ್ಸೆಯಲ್ಲಿದ್ದವರ ವಿಶ್ರಾಂತ ಸಿಡಿ4 ಕೋಶಗಳಲ್ಲಿ (ಎಚ್‌ಐವಿ ದಾಳಿ ಮಾಡುವ ರೋಗನಿರೋಧಕ ಕೋಶಗಳು) ಬೂದಿ ಮುಚ್ಚಿದ ಕೆಂಡದ ಹಾಗೆ ಕೂತಿದ್ದ ವೈರಸ್ಸನ್ನು ತೋರಿಸಿದವು. ಆ ಅಡಗುತಾಣದ ಅರ್ಧಾಯುಷ್ಯ ಸುಮಾರು 44 ತಿಂಗಳು. ಬರೀ ಮಾತ್ರೆಯಿಂದ ಅದನ್ನು ಖಾಲಿ ಮಾಡಲು 60 ವರ್ಷಕ್ಕೂ ಜಾಸ್ತಿ ಬೇಕು.

ಅಂದರೆ ಗಂಟೆಗಳಲ್ಲಿ ಇಳಿಯುವುದು ಒಂದು, ದಿನಗಳಲ್ಲಿ ಒಂದು, ವಾರಗಳಲ್ಲಿ ಒಂದು, ವರ್ಷಗಳಲ್ಲಿ ಒಂದು. ಬೇರೆ ಬೇರೆ ವೇಗದ ನಾಲ್ಕು ಎಕ್ಸ್‌ಪೊನೆನ್ಷಿಯಲ್‌ಗಳನ್ನು (ಒಂದೊಂದೂ ತನ್ನದೇ ಅರ್ಧಾಯುಷ್ಯದಲ್ಲಿ ಇಳಿಯುವ ಗೆರೆ) ಕೂಡಿಸಿದರೆ ದೂರದಿಂದ ಹೇಗೆ ಕಾಣುತ್ತದೆ? ಪವರ್ ಲಾ, ಅಂದರೆ ನಿಶ್ಚಿತ ಅರ್ಧಾಯುಷ್ಯ ಇಲ್ಲದೆ ಉದ್ದ ಬಾಲ ಬಿಟ್ಟು ಇಳಿಯುವ ಗೆರೆಯ ಹಾಗೇ ಕಾಣುತ್ತದೆ. ಫ್ರಾಕ್ಷನಲ್ ಸಮೀಕರಣದ ಉತ್ತರವಾಗಿ ಬರುವ ನಿನ್ನ ಮಿಟ್ಟಾಗ್-ಲೆಫ್ಲರ್ ಫಂಕ್ಷನ್ ಅದರ ಮೇಲೆ ಬಟ್ಟೆ ಹೊಲಿಸಿದಂತೆ ಕೂರುತ್ತದೆ, ಒಂದೇ ಆಲ್ಫಾದಲ್ಲಿ. ಚೆಂದ ಕೂತಿತು ಅಂತ ಖುಷಿಪಡುವ ಮೊದಲು ಯೋಚಿಸು: ಆ ಒಂದು ಸಂಖ್ಯೆ ವೈರಸ್‌ನ, ಬೇರೆ ಬೇರೆ ಕೋಶಗಳ ನಾಲ್ಕು ಕಥೆಗಳನ್ನು ಮುಚ್ಚಿಹಾಕಿತಲ್ವಾ? ನಮಗೆ ಬೇಕಿರುವುದು ನಾಲ್ಕನೆಯದು. ಅದನ್ನು ಖಾಲಿ ಮಾಡುವ ಔಷಧ ಹುಡುಕುವವರಿಗೆ ಆಲ್ಫಾ 0.87 ಅಂತ ಹೇಳಿದರೆ ಅವರು ಏನು ಮಾಡಬೇಕು?

ಫ್ರಾಕ್ಷನಲ್ ಡಿರೈವೇಟಿವ್ ಬಗ್ಗೆ ನನಗೆ ಅನುಮಾನ ಇಲ್ಲ. 1695ರಲ್ಲಿ ಲೈಬ್ನಿಟ್ಸ್ ಲೋಪಿತಾಲ್‌ಗೆ ಬರೆದ ಪತ್ರದಲ್ಲೇ ಅರ್ಧ ಆರ್ಡರ್‌ನ ಡಿರೈವೇಟಿವ್ ಮಾತು ಬಂದಿತ್ತು, ಇಷ್ಟು ಶತಮಾನ ಬಾಳಿದೆ ಅಂದರೆ ಅದರಲ್ಲಿ ಸತ್ವ ಇದೆ. ಸಾಮಾನ್ಯ ಡಿರೈವೇಟಿವ್ ಪಕ್ಕದ ಬಿಂದುವನ್ನು ಮಾತ್ರ ನೋಡುತ್ತದೆ. ಫ್ರಾಕ್ಷನಲ್ ಡಿರೈವೇಟಿವ್ ಲೆಕ್ಕ ಹಾಕುವ ಗ್ರುನ್‌ವಾಲ್ಡ್-ಲೆಟ್ನಿಕೋವ್ ಸೂತ್ರ ಹಿಂದಿನ ಎಲ್ಲ ಬಿಂದುಗಳನ್ನೂ ನೋಡುತ್ತದೆ, ಹಳೆಯದಕ್ಕೆ ತೂಕ ಕಡಿಮೆ, ಆದರೆ ಸೊನ್ನೆ ಅಲ್ಲ. ಸರಿ, ಹಿಂದಿನ ಎಲ್ಲ ಬಿಂದುಗಳು ಎಲ್ಲಿವೆ? ಚಿಕಿತ್ಸೆ ಸರಿಯಾಗಿ ನಡೆಯುತ್ತಿರುವವರಿಗೆ ವೈರಲ್ ಲೋಡ್ ಪರೀಕ್ಷೆ ಆರು ತಿಂಗಳಿಗೋ ವರ್ಷಕ್ಕೋ ಒಂದು ಸಲ. ಬಹುಪಾಲು ಫಲಿತಾಂಶ '50ಕ್ಕಿಂತ ಕಡಿಮೆ' ಅಂತ ಇರುತ್ತದೆ, ಅಂದರೆ ಒಂದು ಮಿಲಿಲೀಟರ್‌ಗೆ ವೈರಸ್‌ನ 50 ನಕಲುಗಳಿಗಿಂತ ಕಡಿಮೆ. ಅದನ್ನು ಸೊನ್ನೆ ಅಂತ ತುಂಬಬೇಡ, ಖಾಲಿ ಅಂತ ಕಿತ್ತೂ ಹಾಕಬೇಡ. ಆ ಎರಡು ಪದಗಳ ಹಿಂದೆ ದೊಡ್ಡ ವಿಷಯ ಇದೆ. ವೈರಲ್ ಲೋಡ್ 200ಕ್ಕಿಂತ ಕೆಳಗಿದ್ದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡಿದ ಒಂದೂ ಉದಾಹರಣೆ 2019ರ ಪಾರ್ಟ್‌ನರ್ ಅಧ್ಯಯನದಲ್ಲಿ ಸಿಗಲಿಲ್ಲ. ಎಷ್ಟೋ ಜನ ಅದನ್ನು ಕೇಳಿದ ಮೇಲೆ ಮದುವೆ, ಮಕ್ಕಳು ಅಂತ ಯೋಚಿಸಲು ಧೈರ್ಯ ಮಾಡಿದ್ದಾರೆ.

ಅದೇ ಹೊತ್ತಿಗೆ, ಕಾಣಲಿಲ್ಲ ಅಂದರೆ ಇಲ್ಲ ಅಂತಲೂ ಅಲ್ಲ. ಅಮೆರಿಕದ ಮಿಸಿಸಿಪ್ಪಿಯಲ್ಲಿ ಎಚ್‌ಐವಿ ಸೋಂಕಿನೊಂದಿಗೆ ಹುಟ್ಟಿದ ಒಂದು ಮಗುವಿಗೆ 30 ಗಂಟೆಯೊಳಗೆ ಚಿಕಿತ್ಸೆ ಶುರುವಾಗಿತ್ತು. ಆಮೇಲೆ ಚಿಕಿತ್ಸೆ ನಿಂತು 27 ತಿಂಗಳು ವೈರಸ್ ಕಾಣಲೇ ಇಲ್ಲ. ವಾಸಿಯಾಯಿತು ಅಂತ ಲೋಕವೇ ನಂಬಿತು. 2014ರಲ್ಲಿ ಅದು ವಾಪಸ್ ಬಂತು. ಆ 27 ತಿಂಗಳ ಸಿಗ್ನಲ್ ಯಾವ ಮಾಡೆಲ್‌ಗೆ ಕೊಟ್ಟಿದ್ದರೂ ಅದು ಚಪ್ಪಟೆ ಗೆರೆಯನ್ನೇ ಎಳೆಯುತ್ತಿತ್ತು.

ಇನ್ನೊಂದು, ಇದು ಚಿಕ್ಕದು ಅನಿಸಬಹುದು ಆದರೆ ಬಿಡಬೇಡ. 2009ರಲ್ಲಿ ಡಿಂಗ್ ಮತ್ತು ಯೆ ಅವರು ಸಿಡಿ4 ಕೋಶಗಳ ಸೋಂಕಿಗೆ ಫ್ರಾಕ್ಷನಲ್ ಮಾಡೆಲ್ ಬರೆದ ಮೇಲೆ ಅಂಥ ಪ್ರಬಂಧಗಳು ಎಷ್ಟೋ ಬಂದಿವೆ. ಎಡಗಡೆಯ ಡಿರೈವೇಟಿವ್ ಆರ್ಡರನ್ನು 1ರಿಂದ ಆಲ್ಫಾಕ್ಕೆ ಬದಲಿಸಿ, ಬಲಗಡೆಯ ದರಗಳನ್ನು ಹಾಗೇ ಬಿಟ್ಟಿರುವುದನ್ನು ನೀನೂ ನೋಡಿರುತ್ತೀಯ. ಎಡಕ್ಕೆ ದಿನದ ಮೈನಸ್ ಆಲ್ಫಾ ಘಾತ, ಬಲಕ್ಕೆ ದಿನದ ಮೈನಸ್ ಒಂದು. ಏಕಮಾನವೇ ಹೊಂದುವುದಿಲ್ಲ! ಒಂದು ಗುಂಪಿನಿಂದ ಹೊರಟ ಕೋಶ ಇನ್ನೊಂದು ಗುಂಪಿಗೆ ಸೇರಬೇಕು, ಎರಡು ಗುಂಪಿಗೂ ಬೇರೆ ಬೇರೆ ಆಲ್ಫಾ ಹಾಕಿದರೆ ಆ ಲೆಕ್ಕವೂ ತಪ್ಪುತ್ತದೆ. ನಿನ್ನ ಪ್ರಸ್ತಾವದ ಮೂರನೇ ಸಮೀಕರಣವನ್ನು ಇದಕ್ಕಾಗಿಯೇ ಇನ್ನೊಮ್ಮೆ ನೋಡು.

ದೇಹಕ್ಕೆ ನೆನಪಿದೆ ಅನ್ನುವುದನ್ನು ನಾನು ನಿನಗಿಂತ ಗಟ್ಟಿಯಾಗಿ ನಂಬುತ್ತೇನೆ. ಎಚ್‌ಐವಿ ಜೊತೆ ಬರುವ ಸೋಂಕುಗಳಲ್ಲಿ ಅದು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಕ್ಷಯ ಇದ್ದು ಸಿಡಿ4 ಎಣಿಕೆ 50ಕ್ಕಿಂತ ಕೆಳಗೆ ಬಿದ್ದವರಿಗೆ ಎರಡು ವಾರದೊಳಗೆ ಎಚ್‌ಐವಿ ಔಷಧ ಶುರು ಮಾಡಿದರೆ ಜೀವ ಉಳಿಯುತ್ತದೆ. ಕ್ರಿಪ್ಟೊಕಾಕಸ್ ಮೆನಿಂಜೈಟಿಸ್ (ಶಿಲೀಂಧ್ರದಿಂದ ಬರುವ ಮಿದುಳು ಪೊರೆಯ ಉರಿಯೂತ) ಇದ್ದವರಿಗೆ ಅದೇ ಅವಸರ ಮಾಡಿದರೆ ಜೀವ ಹೋಗುತ್ತದೆ. 2014ರಲ್ಲಿ ಬಂದ ಕೋಟ್ ಅಧ್ಯಯನ ಉಗಾಂಡಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ನಡೆಯಿತು, 177 ಜನ. ಒಂದೆರಡು ವಾರದಲ್ಲಿ ಔಷಧ ಶುರು ಮಾಡಿದವರಲ್ಲಿ 26 ವಾರದೊಳಗೆ 45% ಜನ ತೀರಿಕೊಂಡರು, ಸುಮಾರು 5 ವಾರ ಕಾದವರಲ್ಲಿ 30%. ಔಷಧ ಅದೇ, ಕಾಯಿಲೆ ಅದೇ, ಶುರು ಮಾಡಿದ ವಾರ ಬೇರೆ. ಮಿದುಳಿನ ಸುತ್ತ ಇನ್ನೂ ಶಿಲೀಂಧ್ರ ಉಳಿದಿರುವಾಗ ರೋಗನಿರೋಧಕ ಶಕ್ತಿ ದಿಢೀರನೆ ಎದ್ದರೆ ಆ ಉರಿಯೂತವೇ ಅಪಾಯ ತರಬಹುದು. ಹಿಂದೆ ಏನಾಗಿತ್ತು ಅನ್ನುವುದು ಮುಂದೆ ಏನಾಗಬೇಕು ಅಂತ ನಿರ್ಧರಿಸುತ್ತಿದೆ, ನೆನಪು ಅಂದರೆ ಇದೇ. ಆದರೆ ಆ ನೆನಪಿಗೆ ಆಲ್ಫಾವೇ ಬೇಕಾ? ಉಳಿದಿರುವ ಶಿಲೀಂಧ್ರದ ಅಂಶ ಅಂತ ಇನ್ನೊಂದು ಚರ ಹಾಕಿದರೆ ಸಾಮಾನ್ಯ ಸಮೀಕರಣವೇ ಅದನ್ನು ಹೊತ್ತುಕೊಳ್ಳುತ್ತದೆ, ಮತ್ತೆ ಅದನ್ನು ಬೆನ್ನುಹುರಿಯ ದ್ರವದಲ್ಲಿ ಅಳೆಯಲೂ ಬರುತ್ತದೆ.

ಹಾಗಾದರೆ ಫ್ರಾಕ್ಷನಲ್ ಎಲ್ಲಿ ಬೇಕು ಅಂತ ನೀನು ಕೇಳುತ್ತೀಯ. ನನ್ನ ಕೇಳಿದರೆ ದೀರ್ಘಕಾಲದ ಇಂಜೆಕ್ಷನ್‌ಗಳಲ್ಲಿ. ಕ್ಯಾಬೊಟೆಗ್ರಾವಿರ್ ಎರಡು ತಿಂಗಳಿಗೊಮ್ಮೆ ಸ್ನಾಯುವಿಗೆ, ಲೆನಾಕಾಪಾವಿರ್ ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ. 2024ರಲ್ಲಿ ಬಂದ, ಎಚ್‌ಐವಿ ತಡೆಯುವ ಪರ್ಪಸ್ 1 ಪ್ರಯೋಗದ ಫಲಿತಾಂಶ ನೆನಪಿದೆಯಲ್ಲ, ಲೆನಾಕಾಪಾವಿರ್ ತೆಗೆದುಕೊಂಡ 2,134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಎಚ್‌ಐವಿ ಬರಲಿಲ್ಲ. ಅದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು. ಈ ಔಷಧಗಳು ಚುಚ್ಚಿದ ಜಾಗದಲ್ಲಿ ಗುಡ್ಡೆಯಾಗಿ ಕೂತು ನಿಧಾನವಾಗಿ ಬಿಡುಗಡೆಯಾಗುತ್ತವೆ. ಇಂಜೆಕ್ಷನ್ ನಿಲ್ಲಿಸಿದ ಮೇಲೂ ಕ್ಯಾಬೊಟೆಗ್ರಾವಿರ್ ಕೆಲವರ ರಕ್ತದಲ್ಲಿ ವರ್ಷದವರೆಗೆ, ಅದಕ್ಕಿಂತ ಜಾಸ್ತಿಯೂ ಉಳಿಯುತ್ತದೆ. ಆ ಬಾಲವೇ ತೊಂದರೆ. ರಕ್ಷಿಸಲು ಸಾಲದಷ್ಟು, ಆದರೆ ವೈರಸ್‌ಗೆ ನಿರೋಧ ಕಲಿಸಲು ಸಾಕಾಗುವಷ್ಟು ಔಷಧ ಎಷ್ಟು ದಿನ ಇರುತ್ತದೆ? ಇಂಜೆಕ್ಷನ್ ತಪ್ಪಿಸಿಕೊಂಡ ಹುಡುಗಿಗೆ ಯಾವ ವಾರದಿಂದ ಮಾತ್ರೆ ಕೊಡಬೇಕು?

ಇಲ್ಲಿ ನಿನ್ನ ಗಣಿತಕ್ಕೆ ನ್ಯಾಯವಾದ ಜಾಗ ಇದೆ. ಒಂದು ವಸ್ತು ಡಿಫ್ಯೂಷನ್‌ನಿಂದ (ಸಾಂದ್ರತೆ ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ) ಹರಡುತ್ತಿದ್ದರೆ ಅಂಚಿನಲ್ಲಿ ದಾಟುವ ಪ್ರಮಾಣಕ್ಕೂ ಅಲ್ಲಿನ ಸಾಂದ್ರತೆಗೂ ಇರುವ ಸಂಬಂಧ ತಾನಾಗಿಯೇ ಅರ್ಧ ಆರ್ಡರ್‌ನ ಡಿರೈವೇಟಿವ್ ಆಗಿ ಬರುತ್ತದೆ, ನಾವು ಹೊರಗಿನಿಂದ ಹಾಕಬೇಕಿಲ್ಲ. ಡೇಟಾದಿಂದ ಬಂದ ಆಲ್ಫಾ 0.5ರ ಹತ್ತಿರ ಇದ್ದರೆ ಡಿಫ್ಯೂಷನ್ ಅಂತ ಊಹಿಸಲು ಕಾರಣ ಸಿಗುತ್ತದೆ, ದೂರ ಇದ್ದರೆ ಹರಳು ಕರಗುವ ವೇಗವೋ ಸುತ್ತಲಿನ ಅಂಗಾಂಶವೋ ಅಂತ ಹುಡುಕಬಹುದು. ಆಗ ಆಲ್ಫಾಕ್ಕೆ ದೇಹದಲ್ಲಿ ವಿಳಾಸ ಸಿಕ್ಕಿತು. ಔಷಧದ ಮಟ್ಟವನ್ನು ತಿಂಗಳುಗಟ್ಟಲೆ ಅಳೆದ ಡೇಟಾ ಕೂಡ ಇಂಥ ಅಧ್ಯಯನಗಳಲ್ಲಿ ಇರುತ್ತದೆ, ವೈರಲ್ ಲೋಡ್ ಹಾಗೆ 50ರ ಕೆಳಗೆ ಮಾಯವಾಗುವುದಿಲ್ಲ.

ಕೆಮ್ಮಿನ ಶಬ್ದದಿಂದ ಕ್ಷಯ ಗುರುತಿಸುವ ಬಗ್ಗೆ ನೀನು ಕೊನೆಯಲ್ಲಿ ಎರಡು ಸಾಲು ಬರೆದಿದ್ದೀಯ. ಅದನ್ನು ಬೇರೆ ಅಧ್ಯಾಯ ಮಾಡು. ಫ್ರಾಕ್ಷನಲ್ ಫೂರಿಯೆ ಟ್ರಾನ್ಸ್‌ಫಾರ್ಮ್ ಕಾಲ ಮತ್ತು ಆವರ್ತನದ ಸಮತಲವನ್ನು ಬೇಕಾದ ಕೋನಕ್ಕೆ ತಿರುಗಿಸುತ್ತದೆ, ಚಿರ್ಪ್ ಥರದ (ಆವರ್ತನ ಏರುತ್ತಲೋ ಇಳಿಯುತ್ತಲೋ ಹೋಗುವ) ಶಬ್ದ ಸರಿಯಾದ ಕೋನದಲ್ಲಿ ಒಂದೇ ಮೊನೆಯಾಗಿ ನಿಲ್ಲುತ್ತದೆ, ಅದೆಲ್ಲ ಒಳ್ಳೆಯದೇ. ಆದರೆ ಎಚ್‌ಐವಿ ಇರುವವರಲ್ಲಿ ಕ್ಷಯ ಎಷ್ಟೋ ಸಲ ಕೆಮ್ಮೇ ಇಲ್ಲದೆ ಬರುತ್ತದೆ. ಅವರನ್ನು ನಿನ್ನ ಪರೀಕ್ಷೆ ಬಿಟ್ಟುಬಿಡುತ್ತದೆ ಅಂತ ಮೊದಲ ಪುಟದಲ್ಲೇ ಬರೆ.

ಡೇಟಾ ಕಡಿಮೆ ಬಿದ್ದರೆ ಚಿಕಿತ್ಸೆ ನಿಲ್ಲಿಸಿ ನೋಡುವ ಹೊಸ ಪ್ರಯೋಗ ಬೇಕು ಅಂತ ಮಾತ್ರ ಸುಲಭಕ್ಕೆ ಬರೆಯಬೇಡ ಪುಟ್ಟಿ. 2006ರ ಸ್ಮಾರ್ಟ್ ಅಧ್ಯಯನದಲ್ಲಿ 5,472 ಜನ ಇದ್ದರು. ಔಷಧ ಬಿಟ್ಟು ಬಿಟ್ಟು ತೆಗೆದುಕೊಂಡ ಗುಂಪಿನಲ್ಲಿ ಸಾವು ಜಾಸ್ತಿ ಆಯಿತು, ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳೂ ಜಾಸ್ತಿ ಆದವು. ನಿನ್ನ ಗ್ರಾಫಿನ ಒಂದೊಂದು ಬಿಂದುವೂ ಒಬ್ಬರು ತೋಳು ಚಾಚಿ ಕೊಟ್ಟ ರಕ್ತ. ಈಗಾಗಲೇ ಕೊಟ್ಟಿದ್ದನ್ನು ಪೂರ್ತಿ ಬಳಸು.

ನಿಜವಾದ ಡೇಟಾ ಕೇಳುವ ಮುಂಚೆ ಒಂದು ಕೆಲಸ ಮಾಡು. ನೀನೇ ಆಲ್ಫಾ 0.9 ಇಟ್ಟು ಕಂಪ್ಯೂಟರ್‌ನಲ್ಲಿ ಡೇಟಾ ಹುಟ್ಟಿಸು, ಅದರಿಂದ ಆರು ತಿಂಗಳಿಗೊಂದು ಬಿಂದು ಮಾತ್ರ ಉಳಿಸು, 50ರ ಕೆಳಗಿನದನ್ನು ಮುಚ್ಚು, ಆಮೇಲೆ ನಿನ್ನ ವಿಧಾನಕ್ಕೆ ಕೊಟ್ಟು ನೋಡು. 0.9 ವಾಪಸ್ ಬರುತ್ತದಾ, ಅಥವಾ 0.6ರಿಂದ 1ರವರೆಗೆ ಯಾವುದು ಹಾಕಿದರೂ ಗೆರೆ ಅಷ್ಟೇ ಚೆಂದ ಕೂರುತ್ತದಾ? ನಂತರ ಅದನ್ನೇ ಔಷಧದ ಮಟ್ಟದ ಡೇಟಾ ಥರ, ವಾರಕ್ಕೊಂದು ಬಿಂದು ಇಟ್ಟು ಮಾಡು, ಪಕ್ಕದಲ್ಲಿ ಎರಡು ಎಕ್ಸ್‌ಪೊನೆನ್ಷಿಯಲ್‌ನ ಸಾದಾ ಮಾಡೆಲ್ ಕೂಡ ಓಡಿಸು. ಎರಡೂ ಗ್ರಾಫ್ ನನಗೆ ಕಳಿಸು, ಭಾನುವಾರ ಕೂತು ಮಾತಾಡೋಣ.

ನಿನ್ನ
ಅಮ್ಮ