ಭಾನುವಾರದ ಸೈಕಲ್ ಸವಾರಿ, ಜೊತೆಗೆ ಫುಟ್‌ಪಾತ್ ವಿಚಾರ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 6ಕ್ಕೆ ಹಾಸನದ ಮಹಾರಾಜ ಪಾರ್ಕ್ ಹತ್ತಿರ ಸೇರೋಣ.

ಒಂದು ಮಾತು. ಬಿ.ಎಂ. ರಸ್ತೆಯಲ್ಲಿ ನಮ್ಮವರು ಸೈಕಲ್ ಸಮೇತ ಫುಟ್‌ಪಾತ್ ಹತ್ತುತ್ತಾರೆ ಅಂತ ವಾಕಿಂಗ್ ಬರುವ ಹಿರಿಯರು ಬೇಸರಪಟ್ಟಿದ್ದಾರೆ. ಯಾಕೆ ಹತ್ತುತ್ತೇವೆ ಅಂತ ನಮಗೆ ಗೊತ್ತು: ಬೆನ್ನ ಹಿಂದೆಯೇ ಬಸ್ಸಿನ ಹಾರ್ನ್, ಎಡಕ್ಕೆ ನಿಂತ ಕಾರು, ಅದರ ಬಾಗಿಲು ಯಾವಾಗ ತೆರೆಯುತ್ತದೋ! ಆದರೂ ನಮ್ಮ ಭಯಕ್ಕೆ ನಡೆಯುವವರು ಜಾಗ ಬಿಡಬೇಕೇ? ಅದೂ ಅಲ್ಲದೆ, ಫುಟ್‌ಪಾತ್‌ನಿಂದ ಕ್ರಾಸ್‌ಗೆ ದಿಢೀರನೆ ಇಳಿದರೆ ತಿರುಗುವ ಗಾಡಿಯವರಿಗೆ ನಾವು ಕಾಣುವುದೇ ಇಲ್ಲ. ಅಪಾಯ ಇನ್ನೂ ಜಾಸ್ತಿ, ಅಲ್ವಾ?

ಹೆದರಿಕೆಯಾದರೆ ಇಳಿದು ತಳ್ಳಿಕೊಂಡು ಹೋಗಿ. ನಿಂತ ಕಾರಿನಿಂದ 1 ಮೀಟರ್ ದೂರವಿರಿ. ಹಿಂದೆ ಕೆಂಪು ಲೈಟ್ ಇರಲಿ.

ಮಕ್ಕಳನ್ನು ಕರೆತರುವವರು ಶನಿವಾರ ರಾತ್ರಿಯೊಳಗೆ ತಿಳಿಸಿ, ಒಳರಸ್ತೆಯಲ್ಲೇ ಹೋಗೋಣ. ಉಳಿದವರು ‘ಬರ್ತೀನಿ’ ಅಂತ ಬರೆಯಿರಿ. ಸುಮ್ನೆ ಹೆಬ್ಬೆರಳಿನ ಇಮೋಜಿ ಒತ್ತಿದರೆ ಲೆಕ್ಕ ಸಿಗುವುದಿಲ್ಲ.