ಕೆರೆಗೆ ಟೆಂಡರ್ ಕೊಡುತ್ತೀರಿ, ಕೆರೆ ಸಂಘಕ್ಕೆ ಅಧಿಕಾರವನ್ನೂ ಕೊಡಿ

ಸನ್ಮಾನ್ಯ ಸಣ್ಣ ನೀರಾವರಿ ಸಚಿವರಿಗೆ,

ನಮಸ್ಕಾರಗಳು.

ಬೇಸಿಗೆ ಹತ್ತಿರವಾದಂತೆ ಕೆರೆ ಅಭಿವೃದ್ಧಿ ಕಾಮಗಾರಿಗಳ ಪಟ್ಟಿ ತಮ್ಮ ಮುಂದೆ ಬರುತ್ತದೆ. ಆ ಪಟ್ಟಿಗೆ ಮಂಜೂರಾತಿ ಸಿಗುವ ಮುಂಚೆ ಈ ಪತ್ರವನ್ನು ತಾವು ಒಮ್ಮೆ ಓದಬೇಕೆಂದು ಬರೆಯುತ್ತಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರ ಭಾಗದ ಬಯಲುಸೀಮೆಯಲ್ಲಿ ಕೆರೆ, ಗೋಮಾಳ, ಮಹಿಳಾ ಸಂಘಗಳ ಕೆಲಸ ಮಾಡುವ ಒಂದು ಚಿಕ್ಕ ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆ ನಾನು. ಸಂಸ್ಥೆಗೆ ಹಣ ಕೇಳಲು ಬರೆದ ಪತ್ರ ಇದಲ್ಲ. ಕೆರೆಯನ್ನು ಮಳೆಗಾಲದಲ್ಲಿ, ಬರಗಾಲದಲ್ಲಿ, ಕಾಮಗಾರಿ ಮುಗಿದು ಜೆಸಿಬಿ ಹೋದ ಮೇಲೂ ನೋಡಿಕೊಳ್ಳಬೇಕಾದ ಊರಿನವರ ಸಂಘಕ್ಕೆ ಅಧಿಕಾರ ಮತ್ತು ಆದಾಯ ಎರಡನ್ನೂ ಕೊಡಿ ಎಂದು ಕೇಳಲು ಬರೆದದ್ದು.

ನಮ್ಮ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಪಿನಾಕಿನಿ ಹುಟ್ಟುವುದು ಇಲ್ಲೇ ಆದರೂ ಅವುಗಳಲ್ಲಿ ನೀರು ಕಾಣುವುದು ಮಳೆ ಜೋರಾದಾಗ ಮಾತ್ರ. ಹಾಗಾಗಿಯೇ ಹಿಂದಿನವರು ಬಿದ್ದ ಮಳೆಯನ್ನು ಇಳಿಜಾರಿನುದ್ದಕ್ಕೂ ಹಿಡಿದಿಟ್ಟರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಊರಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ ಇಳಿಯುತ್ತಿತ್ತು. ರಾಜ್ಯದಲ್ಲಿರುವ ಸುಮಾರು 36 ಸಾವಿರ ಕೆರೆಗಳಲ್ಲಿ ಬಹುಪಾಲು ಹೀಗೆ ಒಂದಕ್ಕೊಂದು ಹೊಂದಿಕೊಂಡ ಸರಣಿಗಳು. ತಮಗೆ ಇದು ಹೊಸ ವಿಷಯವಲ್ಲ. ಆದರೂ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಮಾತ್ರ ಪ್ರತಿ ಕೆರೆಯೂ ಒಂಟಿಯಾಗಿ ನಿಂತಿರುತ್ತದೆ. ಹೂಳು ಇಷ್ಟು ಘನ ಮೀಟರ್, ಏರಿಗೆ ಕಲ್ಲು ಹೊದಿಕೆ ಇಷ್ಟು ಚದರ ಮೀಟರ್, ಕೋಡಿಗೆ ಕಾಂಕ್ರೀಟು, ಏರಿಯ ಮೇಲೊಂದು ನಾಮಫಲಕ. ನೀರು ಎಲ್ಲಿಂದ ಬರಬೇಕೋ ಆ ರಾಜಕಾಲುವೆಗೆ ಎಷ್ಟೋ ಪಟ್ಟಿಗಳಲ್ಲಿ ಒಂದು ಸಾಲೂ ಇರುವುದಿಲ್ಲ.

ನಾವು ಯಾವ ಊರಿಗೆ ಹೋದರೂ ಮೊದಲು ಮಾಡುವ ಕೆಲಸ ರಾಜಕಾಲುವೆ ನಡೆಯುವುದು. ಗ್ರಾಮ ನಕಾಶೆ ಹಿಡಿದುಕೊಂಡು, ಪಂಚಾಯಿತಿ ಸದಸ್ಯರು, ಮಹಿಳಾ ಸಂಘದವರು, ಊರಿನ ಒಂದಿಬ್ಬರು ಹಿರಿಯರು, ಸಿಕ್ಕರೆ ಸರ್ವೆಯರ್, ಎಲ್ಲ ಸೇರಿ ಕೆರೆಯ ಮೇಲ್ದಂಡೆಯಿಂದ ಗುಡ್ಡದವರೆಗೆ ನಡೆಯುತ್ತೇವೆ. ಒಂದು ಊರಲ್ಲಿ ಕಂಡದ್ದನ್ನು ಹೇಳುತ್ತೇನೆ. ಕೆರೆಯ ಹೂಳೆತ್ತಿ ಏರಿ ಚೆನ್ನಾಗಿ ಕಟ್ಟಿದ್ದರು. ಒಳ್ಳೆಯ ಮಳೆಯೂ ಆಗಿತ್ತು. ಕೆರೆಯಲ್ಲಿ ಮಾತ್ರ ಮೊಣಕಾಲುದ್ದ ನೀರು. ಕಾಲುವೆ ಹಿಡಿದು ಹೋದರೆ ರಸ್ತೆಯ ಹತ್ತಿರ ಕಾರಣ ಸಿಕ್ಕಿತು. ರಸ್ತೆ ಮಾಡುವಾಗ ಮೋರಿಗೆ ಹಾಕಿದ್ದ ಸಿಮೆಂಟ್ ಪೈಪು ಕಾಲುವೆಯ ತಳಕ್ಕಿಂತ ಒಂದು ಮೊಳ ಮೇಲಿತ್ತು. ನೀರು ಅಷ್ಟು ಎತ್ತರಕ್ಕೆ ನಿಂತ ಮೇಲಷ್ಟೇ ಆಚೆ ದಾಟಬೇಕು. ನಿಲ್ಲುವ ಮುಂಚೆಯೇ ಅದು ಪಕ್ಕದ ಹೊಲಗಳಿಗೆ ಹರಡಿ ಇಂಗಿಹೋಗುತ್ತಿತ್ತು. ಇನ್ನೂ ಮೇಲೆ ಕಾಲುವೆಯೇ ಹೊಲವಾಗಿತ್ತು, ಬದು ಹಾಕಿ ರಾಗಿ ಬಿತ್ತಿದ್ದರು.

ಆ ಹೊಲದವರ ಮೇಲೆ ದೂರು ಕೊಟ್ಟರೆ ಕೇಸು ಎಷ್ಟು ವರ್ಷ ನಡೆಯುತ್ತದೆಂದು ಊರವರಿಗೆ ಗೊತ್ತಿತ್ತು. ಮಹಿಳಾ ಸಂಘದವರು ಬೇರೆ ದಾರಿ ಹಿಡಿದರು. ಆ ಮನೆಯ ಹೆಂಗಸೂ ಅದೇ ಸಂಘದ ಸದಸ್ಯೆ. ಸಾಯಂಕಾಲ ಅವರ ಜಗಲಿಯಲ್ಲಿ ಕೂತು ಮಾತಾಡಿದರು, ಒಂದು ಸಲಕ್ಕೆ ಮುಗಿಯಲಿಲ್ಲ, ಮತ್ತೆ ಹೋದರು. ಕೊನೆಗೆ ಎರಡು ಮಾರು ಅಗಲ ಕಾಲುವೆ ಬಿಡುವುದೆಂದೂ ಕೆರೆಯ ಗೋಡು ಮಣ್ಣಿನ ಮೊದಲ ಲೋಡುಗಳು ಅವರ ಹೊಲಕ್ಕೇ ಹೋಗುವುದೆಂದೂ ಒಪ್ಪಂದವಾಯಿತು. ಮೋರಿಯ ಪೈಪು ಇಳಿಸುವುದಕ್ಕೇ ಇದಕ್ಕಿಂತ ಹೆಚ್ಚು ಕಾಲ ಹಿಡಿಯಿತು, ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಸುತ್ತುತ್ತಿತ್ತು. ಸಚಿವರೇ, ಆ ಜಗಲಿಯ ಮಾತುಕತೆಗೆ ಯಾವ ಅಂದಾಜು ಪಟ್ಟಿಯಲ್ಲೂ ದರವಿಲ್ಲ. ಆದರೆ ಮುಂದಿನ ಮಳೆಗೆ ಕೆರೆಗೆ ನೀರು ಬಂದದ್ದು ಅದರಿಂದಲೇ.

ಗೋಡಿನ ಮಾತು ಬಂತು. ಕೆರೆ ಹೂಳು ಎಂದರೆ ಗುಡ್ಡದ ಮೇಲಿನಿಂದಲೂ ಹೊಲಗಳಿಂದಲೂ ಕೊಚ್ಚಿಬಂದ ಮೇಲ್ಮಣ್ಣು. ನಮ್ಮ ಕೆಂಪು ಮರಳು ಮಿಶ್ರಿತ ಹೊಲಗಳಿಗೆ ಅದನ್ನು ಹರಡಿದರೆ ಮಣ್ಣು ತೇವ ಹಿಡಿಯುತ್ತದೆ, ಮಳೆ ಹತ್ತು ದಿನ ತಡವಾದರೂ ಪೈರು ಬಾಡದೆ ನಿಲ್ಲುತ್ತದೆ. ರೈತರಿಗೆ ಇದು ಗೊತ್ತಿರುವುದರಿಂದಲೇ ಲೋಡು ತುಂಬಿಕೊಟ್ಟರೆ ಸಾಗಣೆಯ ಖರ್ಚನ್ನು ತಾವೇ ಹಾಕಿಕೊಂಡು ಒಯ್ಯುತ್ತಾರೆ. ಒಂದು ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಮೂರು ಘನ ಮೀಟರ್ ಮಣ್ಣು ಹೋಯಿತೆಂದರೆ ಕೆರೆ ತುಂಬಿದಾಗಲೆಲ್ಲ 3,000 ಲೀಟರ್ ನೀರಿಗೆ ಹೆಚ್ಚುವರಿ ಜಾಗವಾಯಿತು. ಸರ್ಕಾರದ ಹಣದಲ್ಲಿ ದೊಡ್ಡ ಪಾಲು ಹೂಳು ಸಾಗಿಸುವುದಕ್ಕೆ ಹೋಗುವಾಗ ಆ ಪಾಲನ್ನು ರೈತರು ಸಂತೋಷದಿಂದ ಹೊರಲು ತಯಾರಿದ್ದಾರೆ. ಷರತ್ತು ಇಷ್ಟೇ, ಯಾರಿಗೆ ಎಷ್ಟು ಲೋಡು, ಯಾವ ದಿನ, ಕೆರೆಯ ಯಾವ ಭಾಗದಿಂದ ಎಂಬುದನ್ನು ಊರಿನ ಸಂಘ ತೀರ್ಮಾನಿಸಬೇಕು. ಸಂಘ ಇಲ್ಲದ ಕಡೆ ಏನಾಗುತ್ತದೆಂದು ನೋಡಿದ್ದೇನೆ. ಗೋಡು ಇಟ್ಟಿಗೆ ಗೂಡಿಗೆ ಹೋಗುತ್ತದೆ. ಅಗೆಯುವವರು ಏರಿಯ ಬುಡಕ್ಕೇ ಯಂತ್ರ ಹಾಕುತ್ತಾರೆ, ಕೆರೆಯಂಗಳ ತಗ್ಗುಗಳಾಗಿ ಒಡೆದು ಮೊದಲ ಮಳೆಯಲ್ಲಿ ಈಜಲು ಹೋದ ಮಕ್ಕಳಿಗೆ ಅಪಾಯವಾಗುತ್ತದೆ.

ತೂಬು ಎತ್ತುವ ನೀರುಗಂಟಿಗಳ ಬಗ್ಗೆಯೂ ತಮಗೆ ಹೇಳಬೇಕು. ಕೆರೆ ತುಂಬಿದ ವರ್ಷ ಯಾರು ಬೇಕಾದರೂ ನೀರು ಹಂಚಬಹುದು. ಅರ್ಧ ತುಂಬಿದ ವರ್ಷವೇ ಕಷ್ಟ. ಆಗ ಭತ್ತ ಬೇಡ ರಾಗಿ ಹಾಕಿ ಎಂದು ಹೇಳಬೇಕು, ಇಡೀ ಅಚ್ಚುಕಟ್ಟಿಗೆ ಬಿಡುವ ಬದಲು ತೂಬಿನ ಹತ್ತಿರದ ಒಂದಿಷ್ಟು ಗದ್ದೆಯಲ್ಲಿ ಎಲ್ಲರಿಗೂ ಅವರವರ ಹಿಡುವಳಿಗೆ ತಕ್ಕ ಪಾಲು ಹಾಕಿಕೊಡಬೇಕು. ಕೋಲಾರದ ಕಡೆ ದಾಮಾಷಾ ಎಂದು ಕರೆಯುವ ಈ ಹಂಚಿಕೆ ಕೆಲವು ಹಿರಿಯರ ನೆನಪಿನಲ್ಲಿ ಇನ್ನೂ ಉಳಿದಿದೆ. ನಾನು ಬಲ್ಲ ಒಬ್ಬ ನೀರುಗಂಟಿ ಅಜ್ಜನಿಗೆ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಸಾಕು ಎಂಬುದು ಬಾಯಿಪಾಠ. ಅವರ ತಂದೆಗೆ ಪ್ರತಿ ಮನೆಯಿಂದ ಸುಗ್ಗಿಯಲ್ಲಿ ಧಾನ್ಯ ಬರುತ್ತಿತ್ತು. ಇವರಿಗೆ ಏನೂ ಬರುವುದಿಲ್ಲ. ಮಗ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದ್ದಾನೆ. ಅವರ ನಂತರ ಆ ಲೆಕ್ಕ ಯಾರಿಗೂ ಬರುವುದಿಲ್ಲ. ಕೋಟಿಗಟ್ಟಲೆ ಹಣ ಹಾಕಿ ಏರಿ ಗಟ್ಟಿ ಮಾಡುವಾಗ ನೀರುಗಂಟಿಗೆ ತಿಂಗಳಿಗೊಂದು ಗೌರವಧನ ಕೊಡುವುದು ಸರ್ಕಾರಕ್ಕೆ ಭಾರವಾಗಬಾರದು.

ಸಂಘ ಕಟ್ಟುವ ಪ್ರಯತ್ನ ರಾಜ್ಯದಲ್ಲಿ ಆಗಿಲ್ಲವೆಂದಲ್ಲ. ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ, ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಶುರುವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯಲ್ಲಿ ಊರೂರಿಗೆ ಕೆರೆ ಬಳಕೆದಾರರ ಸಂಘಗಳು ನೋಂದಣಿಯಾದವು. ಅದೇ ಕಾಲದ ಸುಜಲ ಜಲಾನಯನ ಯೋಜನೆಯಲ್ಲೂ ಸ್ವಯಂಸೇವಾ ಸಂಸ್ಥೆಗಳು ಊರಲ್ಲಿ ಕೂತು ಯೋಜನೆ ಮಾಡಿಸಿದವು. ಒಳ್ಳೆಯ ಕೆಲಸವಾಯಿತು, ಅದನ್ನು ಮನಃಪೂರ್ವಕ ಒಪ್ಪುತ್ತೇನೆ. ಆದರೆ ಯೋಜನೆ ಮುಗಿದ ಮೇಲೆ ನಾನು ಕಂಡ ಸಂಘಗಳಲ್ಲಿ ಹೆಚ್ಚಿನವು ಕಡತದಲ್ಲಷ್ಟೇ ಉಳಿದವು. ಜನಕ್ಕೆ ಆಸಕ್ತಿಯಿಲ್ಲ ಎಂದು ಇದಕ್ಕೆ ಷರಾ ಬರೆಯುವುದು ಸುಲಭ. ನನ್ನ ಪ್ರಕಾರ ಕಾರಣ ಬೇರೆ. ಆ ಸಂಘಗಳಿಗೆ ಕೆರೆಯ ಮೇಲೆ ಹಕ್ಕೇ ಇರಲಿಲ್ಲ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಕೆರೆ ಪಂಚಾಯತ್ ವ್ಯವಸ್ಥೆಗೆ, ಅದಕ್ಕಿಂತ ಹೆಚ್ಚಿದ್ದರೆ ತಮ್ಮ ಇಲಾಖೆಗೆ. ಅಂಗಳದ ಗಡಿ, ಒತ್ತುವರಿ ಕಂದಾಯದವರಿಗೆ. ಮೀನಿನ ಪಾಶುವಾರು, ಅಂದರೆ ಮೀನು ಹಿಡಿಯುವ ಹಕ್ಕಿನ ಹರಾಜು, ಇನ್ನೊಬ್ಬರಿಗೆ. ಅಂಗಳದಲ್ಲಿ ಬೆಳೆದ ಬಳ್ಳಾರಿ ಜಾಲಿ ಕಡಿಯಬೇಕೆಂದರೆ ಮತ್ತೊಂದು ಕಚೇರಿಯ ಬಾಗಿಲು. ಇಷ್ಟು ಜನ ಯಜಮಾನರ ನಡುವೆ ಸಂಘಕ್ಕೆ ಉಳಿದದ್ದು ಸಭೆ ಸೇರಿ ಚಹಾ ಕುಡಿಯುವ ಅಧಿಕಾರವೊಂದೇ.

ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಸಣ್ಣ ನೀರಾವರಿ, ಜಲಾನಯನ, ಸಮುದಾಯದ ಆಸ್ತಿಗಳ ನಿರ್ವಹಣೆ ಎಲ್ಲವೂ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳು. ರಾಜ್ಯದಲ್ಲಿ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯಿದೆ. ಊರಿನ ಸಾಮುದಾಯಿಕ ಜಾಗಗಳ ಒತ್ತುವರಿ ತೆರವಿಗೆ ಕ್ರಮ ರೂಪಿಸಿ ಎಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಕಾನೂನು ಸಾಕಷ್ಟಿದೆ. ಕೆರೆಯ ಗಡಿಕಲ್ಲು ನೆಡಲು ಸರ್ವೆಯರ್ ಯಾವ ದಿನ ಬರುತ್ತಾರೆ ಎಂಬುದಕ್ಕೆ ಮಾತ್ರ ನಮಗೆ ಉತ್ತರ ಸಿಗುವುದಿಲ್ಲ. ಕಾಮಗಾರಿ ಆರಂಭಿಸುವ ಮುಂಚೆ ಸರ್ವೆ ಮತ್ತು ಗಡಿ ಗುರುತು ಮುಗಿದಿರಲೇಬೇಕೆಂಬ ಒಂದು ನಿಯಮವನ್ನು ತಾವು ಮಾಡಿದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಗೋಮಾಳದ್ದೂ ಇದೇ ಕಥೆ. ನೂರು ದನಗಳಿಗೆ ಕನಿಷ್ಠ 12 ಹೆಕ್ಟೇರ್ ಮೇವಿನ ಜಾಗ ಬಿಡಬೇಕೆಂದು ಭೂಕಂದಾಯ ನಿಯಮ ಹೇಳುತ್ತದೆ. ಅದು ಕರಗುತ್ತ ಬಂದಿರುವುದು ಬರೀ ದನಕುರಿಗಳ ಸಮಸ್ಯೆ ಅನ್ನಿಸಬಹುದು, ಆದರೆ ಕೆರೆಗೆ ನೀರು ಕೊಡುವ ಜಾಗವೂ ಅದೇ. ಗೋಮಾಳದಲ್ಲಿ ಹುಲ್ಲು, ಹೊಂಗೆ, ಬೇವು ಇದ್ದರೆ ನೀರು ಮಣ್ಣನ್ನು ಅಲ್ಲೇ ಬಿಟ್ಟು ಬರುತ್ತದೆ. ಬೋಳಾದರೆ ಎತ್ತಿದ ಹೂಳು ಕೆಲವೇ ಮಳೆಗಾಲದಲ್ಲಿ ಮತ್ತೆ ತುಂಬುತ್ತದೆ. ನೀಲಗಿರಿಯನ್ನು ಹೊಸದಾಗಿ ಬೆಳೆಸಬಾರದೆಂದು 2017ರಲ್ಲಿ ಸರ್ಕಾರವೇ ಹೇಳಿದ್ದರೂ ಹಳೆಯ ತೋಪುಗಳು ಕಡಿದಷ್ಟೂ ಚಿಗುರುತ್ತಿವೆ. ಬುಡ ಕೀಳಿಸಿ ಊರಿನ ಮರಗಳನ್ನು ನೆಡಿಸಿದ ಕಡೆ ಕುರಿ ಕಾಯುವವರೇ ಕಾವಲಿಗೆ ನಿಂತಿದ್ದಾರೆ. ಅವರನ್ನು ಶುರುವಿನಲ್ಲೇ ಕೇಳಿ ಎಲ್ಲಿ ಮೇಯಿಸಬೇಕು, ಎಲ್ಲಿ ಬಿಡಬೇಕೆಂದು ತೀರ್ಮಾನಿಸಿದ್ದೆವು, ಹಾಗಾಗಿ ಬೇಲಿಯ ಅಗತ್ಯವೇ ಬರಲಿಲ್ಲ.

2018ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ಕಡೆ ಕೊಳವೆಬಾವಿಗಳಿಗೆ ಜೀವ ಬಂದಿದೆ, ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಎರಡು ಹಂತ ಮಾತ್ರ ಶುದ್ಧವಾದ ಈ ನೀರನ್ನು ಮೂರನೇ ಹಂತಕ್ಕೂ ಶುದ್ಧಗೊಳಿಸಿ ಎಂದು ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ, ನಾನೂ ಆ ದನಿಗೆ ಸೇರುತ್ತೇನೆ. ಇನ್ನೊಂದು ಆತಂಕವಿದೆ. ಪೈಪಿನಲ್ಲಿ ನೀರು ಬರುವ ಊರುಗಳಲ್ಲಿ ರಾಜಕಾಲುವೆ ಯಾರಿಗೂ ಬೇಡವಾಗುತ್ತಿದೆ. ಪಂಪು ನಿಂತ ದಿನ ಆ ಕೆರೆಗೆ ಮಳೆಯ ನೀರು ಬರುವ ದಾರಿಯೇ ಇರುವುದಿಲ್ಲ. ಕೆರೆಯಿಂದ ನೇರವಾಗಿ ಮೋಟಾರು ಇಟ್ಟು ಎತ್ತುವಂತಿಲ್ಲ, ಅದು ಇಂಗಿ ಅಂತರ್ಜಲವಾಗಬೇಕು ಎಂಬ ನಿಬಂಧನೆಯನ್ನು ಕಾಯುವವರೂ ಊರಿನ ಸಂಘದವರೇ ಆಗಬೇಕಲ್ಲವೇ? ದೂರದ ಕಚೇರಿಯಿಂದ ರಾತ್ರಿ ಹಾಕುವ ಮೋಟಾರು ಕಾಣುವುದಿಲ್ಲ.

ನಮ್ಮಂಥ ಸಂಸ್ಥೆಗಳ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಬೋರ್ಡು ಹಾಕಿ, ಫೋಟೋ ತೆಗೆದು, ಅನುದಾನ ಮುಗಿದೊಡನೆ ಕಾಣೆಯಾದವರೂ ನಮ್ಮಲ್ಲಿದ್ದಾರೆ. ಅಂಥವರನ್ನು ಜರಡಿ ಹಿಡಿಯಿರಿ, ಲೆಕ್ಕ ಕೇಳಿ, ಗ್ರಾಮಸಭೆಯ ಮುಂದೆಯೇ ಕೇಳಿ. ಆದರೆ ಊರಲ್ಲೇ ಇದ್ದು ಕೆಲಸ ಮಾಡುವವರಿಗೆ ಸಮುದಾಯ ಸಂಘಟನೆಯನ್ನು ಮೂರು ತಿಂಗಳ ಬಾಬ್ತಾಗಿ ಕೊಡಬೇಡಿ. ಮೂರು ತಿಂಗಳಲ್ಲಿ ಸಹಿ ಪುಸ್ತಕ ತುಂಬಬಹುದು, ನಂಬಿಕೆ ಬೆಳೆಯುವುದಿಲ್ಲ. ಕಾಮಗಾರಿಗೆ ಒಂದು ವರ್ಷ ಮುಂಚೆ, ಮುಗಿದ ಮೇಲೆ ಎರಡು ಮಳೆಗಾಲ, ಇಷ್ಟಾದರೂ ಜೊತೆಗಿರಲು ಬೇಕು. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆಯುವ ದೊಡ್ಡ ಸಂಸ್ಥೆಗಳು ಅದನ್ನು ಚಿಕ್ಕ ಸಂಸ್ಥೆಗಳ ಜೊತೆ ಹಂಚಿಕೊಳ್ಳುವಂತಿಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ ಕಾರ್ಖಾನೆಯಿರುವ ತಾಲ್ಲೂಕುಗಳನ್ನು ದಾಟಿ ಬರುವುದು ಅಪರೂಪ. ಇವು ತಮ್ಮ ಕೈಯಲ್ಲಿಲ್ಲದ ಮಾತು. ಕೆರೆ ಕಾಮಗಾರಿಯ ಮೊತ್ತದಲ್ಲಿ ಚಿಕ್ಕ ಪಾಲೊಂದನ್ನು ಜನರ ಸಂಘಟನೆಗೆಂದು ಎತ್ತಿಡುವುದು ತಮ್ಮ ಕೈಯಲ್ಲಿದೆ.

ಮೀನು ಪಾಶುವಾರಿನ ಆದಾಯದಲ್ಲಿ ಒಂದು ಭಾಗ ಅದೇ ಕೆರೆಯ ಹೆಸರಿನ ಖಾತೆಗೆ ಬೀಳುವಂತೆ ಮಾಡಿ. ಜಾಲಿ ಕಡಿದ ಸೌದೆಯದ್ದೂ ಅಲ್ಲಿಗೇ ಬರಲಿ. ತೂಬಿನ ತಿರುಪಿಗೆ ಗ್ರೀಸು, ಏರಿಯ ಮೇಲಿನ ಗಿಡ ಕೀಳುವ ಕೂಲಿ, ಇಲಿ ಹೆಗ್ಗಣ ತೋಡಿದ ಬಿಲ ಮುಚ್ಚುವ ಮಣ್ಣು, ಇವುಗಳಿಗೆ ಬೇಕಾದ್ದು ದೊಡ್ಡ ಹಣವಲ್ಲ. ಸಕಾಲಕ್ಕೆ ಅದು ಸಿಗದೆ ಏರಿ ಒಡೆದರೆ ಮಾತ್ರ ದೊಡ್ಡ ಹಣ ಬೇಕಾಗುತ್ತದೆ. ಸಂಘದ ಆಡಳಿತದಲ್ಲಿ ಅಚ್ಚುಕಟ್ಟುದಾರರ ಜೊತೆಗೆ ಭೂಮಿಯಿಲ್ಲದವರು, ಕುರಿಗಾಹಿಗಳು, ಮೀನು ಹಿಡಿಯುವವರು, ಮಡಿವಾಳರು ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಕೆರೆಯ ಕೆಳಗೆ ಗದ್ದೆ ಇಲ್ಲದವರಿಗೂ ಕೆರೆ ಬೇಕು.

ಇವೆಲ್ಲಕ್ಕೂ ಕಾನೂನು ತಿದ್ದುಪಡಿಯೋ ಹೊಸ ಯೋಜನೆಯೋ ಬೇಕಾಗಬಹುದು, ಸಮಯ ಹಿಡಿಯುತ್ತದೆ. ಅದಕ್ಕೆ ಮುಂಚೆ ಒಂದು ಕೆಲಸವನ್ನು ಈ ತಿಂಗಳೇ ಮಾಡಬಹುದು. ಈ ಬೇಸಿಗೆಗೆ ಮಂಜೂರಾಗುವ ಪ್ರತಿ ಕೆರೆಯ ಅಂದಾಜು ಪಟ್ಟಿಯನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಿ ಹೇಳಬೇಕು, ಅದರಲ್ಲಿ ರಾಜಕಾಲುವೆಯ ಕೆಲಸ ಸೇರಿರಬೇಕು, ಒಂದು ಪ್ರತಿ ಊರಿನ ಸಂಘದ ಕೈಗೆ ಸಿಗಬೇಕು, ಅಂತಿಮ ಬಿಲ್ ಪಾವತಿಗೆ ಮುಂಚೆ ಅದೇ ಸಭೆಯ ಒಪ್ಪಿಗೆ ಪಡೆಯಬೇಕು ಎಂದು ತಮ್ಮ ಇಲಾಖೆಯಿಂದ ಒಂದು ಸುತ್ತೋಲೆ ಹೊರಡಲಿ. ಆ ಸಭೆಗಳಿಗೆ ಜನರನ್ನು ಸೇರಿಸುವ, ಪಟ್ಟಿಯನ್ನು ಅರ್ಥ ಮಾಡಿಸುವ ಕೆಲಸವನ್ನು ನಮ್ಮ ಭಾಗದಲ್ಲಿ ನಾವು ಯಾವ ಸಂಭಾವನೆಯೂ ಇಲ್ಲದೆ ಮಾಡಲು ಸಿದ್ಧರಿದ್ದೇವೆ. ತಮ್ಮ ಉತ್ತರಕ್ಕಾಗಿ ಎದುರು ನೋಡುತ್ತಿದ್ದೇವೆ.

ಗೌರವಪೂರ್ವಕವಾಗಿ,
ತಮ್ಮ ವಿಶ್ವಾಸಿ,
ಬಯಲುಸೀಮೆಯ ಒಬ್ಬ ಕೆರೆ ಕಾರ್ಯಕರ್ತೆ